ಒಂದೇ ಲಾಗಿನ್‌ಗೆ ನಾಲ್ಕು ಸಲ ಒಪ್ಪಿಗೆ ಕೇಳುವ ಸರ್ವರ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸ ಆವೃತ್ತಿಯಲ್ಲಿ ರೇಡಿಯಸ್ (ಲಾಗಿನ್ ಪರಿಶೀಲನೆಯ ಪ್ರೋಟೋಕಾಲ್) ನಕಲು ವಿನಂತಿಗಳ ಪತ್ತೆ ಕೆಟ್ಟಿರುವುದು

ಮಾನ್ಯರೆ,

ನಿಮ್ಮ ಕೇಂದ್ರೀಕೃತ ಲಾಗಿನ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕಿದಂದಿನಿಂದ ವಿಪಿಎನ್ (ಹೊರಗಿನಿಂದ ಕಚೇರಿ ಜಾಲಕ್ಕೆ ಸುರಕ್ಷಿತ ಸಂಪರ್ಕ) ಬಳಸುವವರ ಖಾತೆಗಳು ಲಾಕ್ ಆಗುತ್ತಿವೆ. ಪಾಸ್‌ವರ್ಡ್ ಸರಿಯಿದೆ, ಮೊಬೈಲ್‌ನಲ್ಲಿ ಒಪ್ಪಿಗೆ ಒತ್ತಿದ್ದಾರೆ, ಒಳಗೂ ಹೋಗಿದ್ದಾರೆ. ಅದಾದ ಮೇಲೆ ಲಾಕ್. ನಿಮ್ಮ ಸಹಾಯ ಕೇಂದ್ರ ಈ ದೂರನ್ನು ‘ಬಳಕೆದಾರರ ತಪ್ಪು’ ಎಂದು ಮೂರು ಸಲ ಮುಚ್ಚಿದೆ. ಅದು ಯಾರ ತಪ್ಪು ಎಂದು ಜಾಲದಲ್ಲಿ ಹರಿಯುವ ಪ್ಯಾಕೆಟ್ (ದತ್ತಾಂಶದ ತುಣುಕು) ಹಿಡಿದು ನೋಡಿಯೇ ಈ ಪತ್ರ ಬರೆಯುತ್ತಿದ್ದೇವೆ.

ವಿಪಿಎನ್ ಗೇಟ್‌ವೇ (ವಿಪಿಎನ್ ಸಂಪರ್ಕಗಳು ಬಂದು ಸೇರುವ ಸಾಧನ) ತನ್ನ ವಿನಂತಿಯನ್ನು ನಿಮ್ಮ ಸರ್ವರಿನ 1812ನೇ ಪೋರ್ಟಿಗೆ ಯುಡಿಪಿಯಲ್ಲಿ (ಪ್ಯಾಕೆಟ್ ತಲುಪಿತೇ ಎಂದು ಖಚಿತಪಡಿಸಿಕೊಳ್ಳದ ಬಗೆ) ಕಳಿಸುತ್ತದೆ. 5 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ, ಹೀಗೆ ಇನ್ನೂ ಮೂರು ಸಲ. ಜೇಬಿನಿಂದ ಮೊಬೈಲ್ ತೆಗೆದು ಒಪ್ಪಿಗೆ ಒತ್ತುವಷ್ಟರಲ್ಲಿ ಯಾರಿಗಾದರೂ 5 ಸೆಕೆಂಡು ಮೀರುತ್ತದೆ. 18ನೇ ಸೆಕೆಂಡಿಗೆ ಒತ್ತಿದವರ ಹೆಸರಿನಲ್ಲಿ ಅಷ್ಟರೊಳಗೆ 0, 5, 10, 15ನೇ ಸೆಕೆಂಡುಗಳಲ್ಲಿ ನಾಲ್ಕು ಪ್ಯಾಕೆಟ್ ಹೋಗಿರುತ್ತವೆ. ನಾಲ್ಕರಲ್ಲೂ ಕಳಿಸಿದ ಐಪಿ ವಿಳಾಸ, ಪೋರ್ಟ್, ಐಡೆಂಟಿಫೈಯರ್ (ವಿನಂತಿಯ ಗುರುತುಸಂಖ್ಯೆ), 16 ಬೈಟಿನ ಅಥೆಂಟಿಕೇಟರ್ (ಪ್ರತಿ ಹೊಸ ವಿನಂತಿಗೂ ಬದಲಾಗುವ ಮೌಲ್ಯ) ಒಂದೇ. ಇಂಥದ್ದನ್ನು ನಕಲೆಂದು ಗುರುತಿಸುವ ಬಗೆ 2000ದ ಆರ್‌ಎಫ್‌ಸಿ 2865ರಲ್ಲಿಯೇ (ರೇಡಿಯಸ್‌ನ ಮಾನದಂಡ ದಾಖಲೆ) ಇದೆ. 2007ರ ಆರ್‌ಎಫ್‌ಸಿ 5080 ಅದನ್ನು ಇನ್ನೂ ಬಿಡಿಸಿ ಹೇಳಿದೆ. ನಿಮ್ಮ ಹಳೆಯ ಆವೃತ್ತಿ ಹಾಗೆಯೇ ಮಾಡುತ್ತಿತ್ತು. ಹೊಸದು ನಾಲ್ಕನ್ನೂ ಬೇರೆ ಬೇರೆ ಲಾಗಿನ್ ಎಂದು ಬಗೆದು ಮೊಬೈಲಿಗೆ ನಾಲ್ಕು ಸಲ ಒಪ್ಪಿಗೆ ಕೇಳುತ್ತದೆ.

ಬಳಕೆದಾರರು ಒತ್ತುವುದು ಒಂದನ್ನು. ಉಳಿದ ಮೂರು 60 ಸೆಕೆಂಡಿಗೆ ಅವಧಿ ಮುಗಿದು ‘ವಿಫಲ’ ಎಂದು ಎಣಿಕೆಗೆ ಸೇರುತ್ತವೆ. ಯಶಸ್ವಿ ಲಾಗಿನ್ ಎಣಿಕೆಯನ್ನು ಸೊನ್ನೆ ಮಾಡುತ್ತದೆ ನಿಜ, ಆದರೆ ಈ ಮೂರು ಬರುವುದೇ ಅದರ ನಂತರ. ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್ ಎರಡನ್ನೂ ಅರ್ಧ ನಿಮಿಷದ ಅಂತರದಲ್ಲಿ ಜೋಡಿಸಿದರೆ ಆರು ವೈಫಲ್ಯ. ಲಾಕ್ ಮಿತಿ 5.

ಇದಕ್ಕೆ ನಿಮ್ಮವರು ಕೊಟ್ಟ ಪರಿಹಾರ: ಗೇಟ್‌ವೇಯಲ್ಲಿ ಕಾಯುವ ಅವಧಿ 60 ಸೆಕೆಂಡು, ಮರುಕಳಿಸುವಿಕೆ ಸೊನ್ನೆ. ಹಾಗೆ ಮಾಡಿದರೆ ಲಾಕ್ ನಿಲ್ಲುತ್ತದೆ, ಒಪ್ಪುತ್ತೇವೆ. ಆದರೆ ಯುಡಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಆ ಲಾಗಿನ್ ಒಂದು ನಿಮಿಷ ಸುಮ್ಮನೆ ಕೂರುತ್ತದೆ. ಮೊದಲ ಸರ್ವರ್ ಬಿದ್ದಾಗ ಎರಡನೆಯದಕ್ಕೆ ಹೋಗಲು ಈಗ 20 ಸೆಕೆಂಡು ಸಾಕು, ಆಗ 60 ಬೇಕು. ಸರ್ವರ್‌ನ ದೋಷಕ್ಕೆ ಗೇಟ್‌ವೇಯನ್ನು ಕುಂಟಾಗಿಸುವುದು ದುರಸ್ತಿಯಲ್ಲ.

ಲಾಕ್‌ಗಿಂತ ನಮಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ. ದಿನವೂ ನಾಲ್ಕು ಒಪ್ಪಿಗೆ ಬರುವುದು ರೂಢಿಯಾದರೆ ಐದನೆಯದು ಕಳ್ಳನದ್ದು ಎಂದು ಯಾರಿಗೆ ಹೊಳೆಯುತ್ತದೆ? ಕದ್ದ ಪಾಸ್‌ವರ್ಡ್ ಇಟ್ಟುಕೊಂಡು, ಬೇಸತ್ತು ಒತ್ತುವವರೆಗೆ ಒಪ್ಪಿಗೆ ಕಳಿಸುತ್ತಲೇ ಇರುವುದು ದಾಳಿಕೋರರ ಹಳೆಯ ತಂತ್ರ. ನಿಮ್ಮ ಸಾಫ್ಟ್‌ವೇರ್ ಆ ಬೇಸರವನ್ನು ಪುಕ್ಕಟೆ ತಯಾರಿಸಿ ಕೊಡುತ್ತಿದೆ.

ಇದರ ಜೊತೆಗೆ, ಅಪ್‌ಗ್ರೇಡ್ ಆದಾಗ ‘ಮೆಸೇಜ್ ಅಥೆಂಟಿಕೇಟರ್ ಕಡ್ಡಾಯ’ (ಪ್ಯಾಕೆಟ್ಟನ್ನು ನಡುವೆ ಯಾರೂ ತಿದ್ದಿಲ್ಲವೆಂದು ತೋರಿಸುವ ಮುದ್ರೆ ಇರಲೇಬೇಕು) ಎಂಬ ಆಯ್ಕೆ ತಾನಾಗಿ ಆಫ್ ಆಗಿತ್ತು. 2024ರ ಜುಲೈನಲ್ಲಿ ಬ್ಲಾಸ್ಟ್‌ರೇಡಿಯಸ್ ದೋಷ (ರೇಡಿಯಸ್ ಉತ್ತರವನ್ನು ನಡುವೆ ತಿದ್ದಲು ಬಿಡುವಂಥದ್ದು) ಬಹಿರಂಗವಾದ ಮೇಲೆ ಪಿಎಪಿ (ಪಾಸ್‌ವರ್ಡನ್ನೇ ಸರ್ವರಿಗೆ ಕಳಿಸುವ ಬಗೆ) ಲಾಗಿನ್‌ಗಳಿಗೆ ನಾವು ಅದನ್ನು ಆನ್ ಮಾಡಿಟ್ಟಿದ್ದೆವು. ಆಫ್ ಆದದ್ದಕ್ಕೆ ಎಚ್ಚರಿಕೆಯಿಲ್ಲ, ಬಿಡುಗಡೆ ಟಿಪ್ಪಣಿಯಲ್ಲಿ ಒಂದು ಸಾಲೂ ಇಲ್ಲ.

ನಮ್ಮ ಬೇಡಿಕೆಗಳು: ನಕಲು ಪತ್ತೆಯನ್ನು ಸರಿಪಡಿಸುವ ಪ್ಯಾಚ್, ಅದು ಬರುವ ದಿನಾಂಕ ಲಿಖಿತವಾಗಿ, ಅಲ್ಲಿಯವರೆಗೆ ಹಳೆಯ ಆವೃತ್ತಿಗೆ ಮರಳುವ ಅಧಿಕೃತ ವಿಧಾನ, ಡೇಟಾಬೇಸ್ ಸಮೇತ (ನಿಮ್ಮ ಇನ್‌ಸ್ಟಾಲರ್ ಅದರ ರಚನೆಯನ್ನೇ ಬದಲಿಸಿರುವುದರಿಂದ ನಾವಾಗಿ ಹಿಂದಕ್ಕೆ ಹೋಗುವಂತಿಲ್ಲ), ಲಾಗ್‌ನಲ್ಲಿ ಬರಿಯ ‘ದೃಢೀಕರಣ ವಿಫಲ’ ಅಲ್ಲದೆ ಐಡೆಂಟಿಫೈಯರ್ ಮತ್ತು ಪೋರ್ಟ್ ಸಂಖ್ಯೆ.

ಪ್ಯಾಕೆಟ್ ಕಡತವನ್ನು ಲಗತ್ತಿಸಿದ್ದೇವೆ, 1812 ಎಂದು ಸೋಸಿ ನೋಡಿದರೆ ಸಾಕು. ನಿಮ್ಮವರು ಕೇಳಿದ ಪೂರ್ಣ ಕಾನ್ಫಿಗರೇಶನ್ ಕಡತವನ್ನು ಕಳಿಸುವುದಿಲ್ಲ. ಅದರಲ್ಲಿ ಪ್ರತಿ ಸಾಧನದ ಶೇರ್ಡ್ ಸೀಕ್ರೆಟ್ (ಸಾಧನ ಮತ್ತು ಸರ್ವರ್ ಎರಡಕ್ಕೇ ಗೊತ್ತಿರಬೇಕಾದ ಗುಪ್ತಪದ) ಇದೆ. ಅದನ್ನು ಇಮೇಲಿನಲ್ಲಿ ಕೇಳಬಾರದೆಂದು ನಿಮ್ಮದೇ ಕೈಪಿಡಿ ಹೇಳಬೇಕಿತ್ತು.

ಇಂತಿ,
ನೆಟ್‌ವರ್ಕ್ ಮತ್ತು ಭದ್ರತಾ ವಿಭಾಗ