ಕಾಣದ ಗ್ರಹವನ್ನು ತೂಗುವ ಬಗೆ

ತೀರ್ಥರೂಪರಾದ ಅಪ್ಪನವರಿಗೆ ನಮಸ್ಕಾರಗಳು.

ಕಣ್ಣಿಗೇ ಬೀಳದ ಗ್ರಹದ ತೂಕ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಪತ್ರ. ಎಚ್‌ಡಿ 209458 ಬಿ ಎಂಬ ಒಂದೇ ಗ್ರಹವನ್ನು ಹಿಡಿದು ವಿವರಿಸುತ್ತೇನೆ. ನಮ್ಮ ಪೂರ್ವಾಭಾದ್ರ ಇರುವ ಪೆಗಾಸಸ್ ಪುಂಜದಲ್ಲಿ, ಸುಮಾರು 160 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದನ್ನು ಅದು ಮೂರೂವರೆ ದಿನಕ್ಕೊಮ್ಮೆ ಸುತ್ತುತ್ತದೆ.

ನಕ್ಷತ್ರ ಗ್ರಹವನ್ನು ಎಳೆದಷ್ಟೇ ಬಲದಿಂದ ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ಹಾಗಾಗಿ ನಕ್ಷತ್ರ ನಮ್ಮತ್ತ ಒಮ್ಮೆ, ಆಚೆಗೊಮ್ಮೆ ಸರಿಯುತ್ತದೆ. ಆಗ ಅದರ ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಕಪ್ಪು ಗೆರೆಗಳು ನೀಲಿಯ ಕಡೆಗೂ ಕೆಂಪಿನ ಕಡೆಗೂ ಚೂರು ಜರುಗುತ್ತವೆ. ಗ್ರಹ ಭಾರವಾದಷ್ಟೂ ನಕ್ಷತ್ರ ಸರಿಯುವ ವೇಗ ಹೆಚ್ಚು, ತೂಕ ಸಿಗುವುದು ಅದರಿಂದಲೇ. ಇಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 84 ಮೀಟರ್. ಭೂಮಿಯೋ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆ! ಮೊದಲು ಆ ಓಟವನ್ನೂ ಭೂಮಿಯ ತಿರುಗುವಿಕೆಯನ್ನೂ ಲೆಕ್ಕದಿಂದ ಕಳೆಯಬೇಕು. ಉಪಕರಣದ ಉಷ್ಣತೆ ಸ್ವಲ್ಪ ಏರುಪೇರಾದರೂ ಗೆರೆಗಳು ಸರಿದಂತೆ ಕಾಣುತ್ತವೆ, ಆದ್ದರಿಂದ ಜಾಗ ಮೊದಲೇ ಗೊತ್ತಿರುವ ಥೋರಿಯಂ ದೀಪದ ಗೆರೆಗಳನ್ನು ಜೊತೆಗೇ ದಾಖಲಿಸಿ ಹೋಲಿಸುತ್ತಾರೆ. ನಕ್ಷತ್ರದ ಮೈಮೇಲಿನ ಕಲೆಗಳೂ ಮೋಸ ಮಾಡುತ್ತವೆ. ಕಲೆಯಿಂದ ಗೆರೆಯ ಆಕಾರವೇ ಓರೆಯಾಗುತ್ತದೆ. ಗ್ರಹವಿದ್ದರೆ ಆಕಾರ ಕೆಡದೆ ಇಡೀ ಗೆರೆ ಸರಿಯುತ್ತದೆ. ಈ ಪರೀಕ್ಷೆ ಆಗದ ಹೊರತು ಗ್ರಹ ಸಿಕ್ಕಿತು ಎನ್ನಬಾರದು.

ಇಷ್ಟಾದರೂ ಸಿಗುವುದು ಕನಿಷ್ಠ ತೂಕ ಮಾತ್ರ. ಕಕ್ಷೆ ನಮಗೆ ಎಷ್ಟು ವಾಲಿದೆ ಎಂಬುದು ಗೆರೆಗಳಿಂದ ತಿಳಿಯದು. ಅದಕ್ಕೆ ಗ್ರಹ ನಕ್ಷತ್ರದ ಮುಂದೆ ಹಾಯಬೇಕು. 1999ರಲ್ಲಿ ಡೇವಿಡ್ ಶಾರ್ಬೊನೊ ಮತ್ತು ಗ್ರೆಗರಿ ಹೆನ್ರಿ ಅವರ ಬೇರೆ ಬೇರೆ ತಂಡಗಳು ಈ ಸಂಕ್ರಮಣವನ್ನು ಹಿಡಿದವು. ಒಂದು ತಂಡದ ದೂರದರ್ಶಕದ ಅಗಲ ಬರೀ 10 ಸೆಂಟಿಮೀಟರ್! ಬೆಳಕು ಸುಮಾರು ಶೇಕಡಾ 1.5ರಷ್ಟು ಕುಗ್ಗಿತು. ಅದರ ವರ್ಗಮೂಲ ತೆಗೆದರೆ ಗ್ರಹದ ವ್ಯಾಸ ನಕ್ಷತ್ರದ ವ್ಯಾಸದ ಎಂಟನೆಯ ಒಂದು ಭಾಗ. ನಕ್ಷತ್ರದ ಗಾತ್ರ ಗೊತ್ತಿರುವುದರಿಂದ ಗ್ರಹ ಗುರುಗ್ರಹಕ್ಕಿಂತ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು ದೊಡ್ಡದು, ತೂಕ ಮಾತ್ರ ಗುರುವಿನ ಶೇಕಡಾ 70ರಷ್ಟು. ಸಾಂದ್ರತೆ ನೀರಿನ ಮೂರನೆಯ ಒಂದು ಭಾಗದ ಆಸುಪಾಸು. ಗಾತ್ರ, ತೂಕ ಎರಡೂ ಕೈಸೇರಿದಾಗ ಮಾತ್ರ ಇದು ಬಂಡೆಯ ಗೋಳವಲ್ಲ, ಉಬ್ಬಿದ ಅನಿಲದ ರಾಶಿ ಎಂದು ಧೈರ್ಯವಾಗಿ ಹೇಳಬಹುದು. ನನಗೆ ಈ ಶಾಸ್ತ್ರದಲ್ಲಿ ಅತ್ಯಂತ ಇಷ್ಟವಾದ ಲೆಕ್ಕ ಇದೇ.

ತಮ್ಮನಿಗೆ ತಾನೇ ಅಳೆಯುವ ಆಸೆಯಿದ್ದರೆ ಹೇಳಿ, ಸಣ್ಣ ದೂರದರ್ಶಕವೂ ಕ್ಯಾಮೆರಾವೂ ಸಾಕು. ಸಂಕ್ರಮಣ ಸುಮಾರು ಮೂರು ಗಂಟೆಯದು. ಒಂದು ಗಂಟೆ ಮುಂಚೆ ಶುರುಮಾಡಿ, ಮುಗಿದ ಮೇಲೂ ಒಂದು ಗಂಟೆ ಚಿತ್ರ ತೆಗೆಯಲಿ. ಹಿಂದು ಮುಂದಿನ ಬೆಳಕು ಗೊತ್ತಿಲ್ಲದೆ ಕುಗ್ಗಿದ್ದೆಷ್ಟು ಎಂದು ತಿಳಿಯದು. ಫೋಕಸ್ ತುಸು ಸಡಿಲಿಸಬೇಕು, ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿ ಯಾವುದೂ ತುಂಬಿ ತುಳುಕುವುದಿಲ್ಲ. ಅದೇ ಚಿತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ ಹೊಳಪಿನ, ಅದೇ ಬಣ್ಣದ ಇನ್ನೊಂದು ನಕ್ಷತ್ರ ಆರಿಸಿ, ಎರಡರ ಬೆಳಕಿನ ಅನುಪಾತವನ್ನೇ ಬರೆದಿಡಲಿ. ತೆಳು ಮೋಡ ಬಂದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ, ಅನುಪಾತ ಹೆಚ್ಚು ಕೆಡದು. ಬಣ್ಣ ಬೇರೆಯಾದರೆ ನಕ್ಷತ್ರಗಳು ದಿಗಂತಕ್ಕೆ ಇಳಿದಂತೆ ಅನುಪಾತದ ರೇಖೆ ಸುಳ್ಳೇ ಓರೆಯಾಗುತ್ತದೆ. ಸಂಕ್ರಮಣದ ಹೊತ್ತಿಗೆ ನಕ್ಷತ್ರ ನೆತ್ತಿಯ ಹತ್ತಿರ ಇರುವ ರಾತ್ರಿಯನ್ನೇ ಆರಿಸಿಕೊಳ್ಳಲಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು