ಬೆಂಟನ್‌ವಿಲ್‌ನಲ್ಲಿ ಮೇಷ್ಟ್ರಿಗೂ ಮನೆ ಸಿಗಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ದೊಡ್ಡ ನಗರಗಳು ದುಬಾರಿ, ಸಣ್ಣ ಊರಿಗೆ ಹೋದರೆ ಮನೆ ಸುಲಭವಾಗಿ ಸಿಗುತ್ತದೆ ಎಂಬ ಮಾತು ನಮ್ಮವರಲ್ಲಿ ಈಗಲೂ ಇದೆ. ನಾನಿರುವ ಅರ್ಕಾನ್ಸಾಸ್ ರಾಜ್ಯದ ಬೆಂಟನ್‌ವಿಲ್‌ಗೆ ಈ ಮಾತು ಹೊಂದುವುದಿಲ್ಲ. ಇಲ್ಲಿಗೆ ಬರಲು ಹೊರಟಿರುವ ಕನ್ನಡಿಗರೂ, ಈಗಾಗಲೇ ಮನೆ ಕೊಂಡು ನೆಲೆಸಿರುವವರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಬೆಂಟನ್‌ವಿಲ್ ಅಂದರೆ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿ ಕಂಪನಿಯ ಊರು, ಅದರ ಮುಖ್ಯ ಕಚೇರಿ ಇರುವುದು ಇಲ್ಲೇ. ಅದನ್ನು ಕಟ್ಟಿದ ಸ್ಯಾಮ್ ವಾಲ್ಟನ್ 1950ರಲ್ಲಿ ಇಲ್ಲಿನ ಚೌಕದಲ್ಲಿ ಅಂಗಡಿ ತೆರೆದಾಗ ಇಲ್ಲಿದ್ದದ್ದು ಕೆಲವೇ ಸಾವಿರ ಜನ. 2000ರ ಜನಗಣತಿಯಲ್ಲಿ 19,730 ಜನರಿದ್ದರು. 2020ಕ್ಕೆ 54,164 ಆದರು. 2024ರಲ್ಲಿ ಕಂಪನಿ ಬೇರೆ ಊರುಗಳಲ್ಲಿದ್ದ ಅನೇಕ ನೌಕರರಿಗೆ ಇಲ್ಲಿಗೆ ಅಥವಾ ತನ್ನ ಒಂದೆರಡು ಬೇರೆ ಕೇಂದ್ರಗಳಿಗೆ ಬರಲು ಹೇಳಿತು. 2025ರ ಆರಂಭದಲ್ಲಿ ಸುಮಾರು 350 ಎಕರೆಯ ಹೊಸ ಕಚೇರಿ ಆವರಣ ತೆರೆಯಿತು. ಇಷ್ಟು ಜನ ಬಂದ ಮೇಲೆ ಮನೆಗಳ ಬೆಲೆ ಏರದೆ ಇರುತ್ತದಾ?

ಚೌಕದ ಸುತ್ತಲಿನ ಹಳೇ ಬೀದಿಗಳಲ್ಲಿ ಪುಟ್ಟ ಮರದ ಮನೆಗಳಿದ್ದವು. ಸಾಧಾರಣ ಸಂಬಳದವರು ಕೊಳ್ಳಬಹುದಾಗಿದ್ದ ಮನೆಗಳು ಅವೇ. ಈಗ ಅಂಥ ಮನೆ ಮಾರಾಟಕ್ಕೆ ಬಂದರೆ ಬೆಲೆ ಕಟ್ಟುವುದು ಜಾಗಕ್ಕೆ ಮಾತ್ರ. ಹಳೇದನ್ನು ಕೆಡವಿ ಎರಡಂತಸ್ತಿನ ದೊಡ್ಡ ಮನೆ ಕಟ್ಟುತ್ತಾರೆ. ಇದರಿಂದ ಊರಿಗೆ ಒಂದು ಮನೆಯೂ ಹೆಚ್ಚಾಗುವುದಿಲ್ಲ, ಕೈಗೆಟುಕುವ ಮನೆ ಮಾತ್ರ ಒಂದು ಕಡಿಮೆಯಾಗುತ್ತದೆ.

ಸಾಲದ ಕಥೆಯೂ ಹೇಳಬೇಕು. ನಮ್ಮ ಕಡೆ ಗೃಹಸಾಲದ ಬಡ್ಡಿ ಏರಿಳಿಯುತ್ತಲೇ ಇರುತ್ತದೆ. ಇಲ್ಲಿ ಹೆಚ್ಚಿನವರು 30 ವರ್ಷಕ್ಕೆ ಒಂದೇ ಬಡ್ಡಿ ಗೊತ್ತುಮಾಡಿಕೊಂಡು ಸಾಲ ಪಡೆಯುತ್ತಾರೆ. ದೇಶದ ಸರಾಸರಿ ಬಡ್ಡಿ 2021ರ ಜನವರಿಯಲ್ಲಿ ಶೇ 2.65ಕ್ಕೆ ಇಳಿದಿತ್ತು. 2023ರ ಅಕ್ಟೋಬರಿನಲ್ಲಿ ಶೇ 7.79 ಮುಟ್ಟಿತು. ಮೂರು ಲಕ್ಷ ಡಾಲರ್ ಸಾಲಕ್ಕೆ ಮೊದಲಿನ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 1,200 ಡಾಲರ್. ಎರಡನೆಯದರಲ್ಲಿ 2,150 ದಾಟುತ್ತದೆ. ಹಳೇ ಬಡ್ಡಿ ಇರುವವರು ಅದನ್ನು ಬಿಟ್ಟು ಮನೆ ಮಾರಲು ಹಿಂಜರಿಯುತ್ತಾರೆ. ಹಾಗಾಗಿ ಮಾರುಕಟ್ಟೆಗೆ ಮನೆಗಳೇ ಬರುವುದು ಕಮ್ಮಿ.

ಈಗ ಒಬ್ಬ ಹೊಸ ಶಿಕ್ಷಕಿಯ ಲೆಕ್ಕ ಹಾಕಿ ನೋಡಿ. ಅರ್ಕಾನ್ಸಾಸ್ 2023ರಲ್ಲಿ ಶಿಕ್ಷಕರ ಕನಿಷ್ಠ ಸಂಬಳವನ್ನು ವರ್ಷಕ್ಕೆ 50,000 ಡಾಲರಿಗೆ ಏರಿಸಿತು. ಒಳ್ಳೆಯ ಕೆಲಸ. ಆದರೂ ತೆರಿಗೆ ಕಳೆಯುವ ಮೊದಲೇ ತಿಂಗಳಿಗೆ ಸುಮಾರು 4,160. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಂತಿಗೇ ಹೋದರೆ, ವಿಮೆ, ಆಸ್ತಿ ತೆರಿಗೆ, ಕಾರು, ಊಟ ಎಲ್ಲಿಂದ? ಶಿಕ್ಷಕರಿಗೆ ಕೈಗೆಟುಕುವ ಮನೆ ಕಟ್ಟಿಸಲು ಶಾಲಾ ಮಂಡಳಿಯೇ ಮುಂದಾಗಬೇಕಾಯಿತು. ನಮ್ಮ ಮಕ್ಕಳಿಗೆ ಪಾಠ ಹೇಳುವವರು ದೂರದ ಊರಿಂದ ಕಾರು ಓಡಿಸಿಕೊಂಡು ಬರುವ ಪರಿಸ್ಥಿತಿ ನನಗಂತೂ ಸರಿ ಕಾಣುವುದಿಲ್ಲ.

ಮೈಸೂರಿನಲ್ಲಿ 30×40 ಸೈಟಿನಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಇರುವುದು ತೀರಾ ಮಾಮೂಲು. ಇಲ್ಲಿನ ಬಹುತೇಕ ಬಡಾವಣೆಗಳಲ್ಲಿ ಒಂದು ಸೈಟಿಗೆ ಒಂದೇ ಸಂಸಾರದ ಮನೆ ಎಂಬ ನಿಯಮ ನಡೆದುಕೊಂಡು ಬಂದಿದೆ. ಜಾಗ ಬೇಕಾದಷ್ಟಿದೆ, ಕಟ್ಟಲು ಬಿಡುವುದಿಲ್ಲ. ಒರೆಗಾನ್ ರಾಜ್ಯ 2019ರಲ್ಲೇ, 10,000ಕ್ಕಿಂತ ಜಾಸ್ತಿ ಜನರಿರುವ ಊರುಗಳಲ್ಲಿ ಎರಡು ಸಂಸಾರದ ಮನೆಗೆ ಅವಕಾಶ ಕೊಡಲೇಬೇಕು ಎಂದು ಕಾನೂನು ಮಾಡಿತು. ಅರ್ಕಾನ್ಸಾಸ್ ಕೂಡ 2025ರಲ್ಲಿ ಒಂಟಿ ಮನೆಯ ಸೈಟಿನಲ್ಲಿ ಇನ್ನೊಂದು ಪುಟ್ಟ ಮನೆಗೆ ದಾರಿ ಮಾಡಿಕೊಟ್ಟಿದೆ. ಆದರೆ ಬಡಾವಣೆಯ ಮನೆ ಮಾಲೀಕರ ಸಂಘಗಳಿಗೆ ತಮ್ಮದೇ ಕಟ್ಟಳೆಗಳಿರುತ್ತವೆ. ಆ ಸಂಘಗಳಲ್ಲಿ ನಾವೂ ಇದ್ದೇವೆ ಅಲ್ವಾ?

ನನ್ನ ಬೇಸರ ಇರುವುದು ಇಲ್ಲೇ. ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತದೆ ಎಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿರೋಧದ ಅರ್ಜಿ ಓಡಾಡುತ್ತದೆ. ‘ನಮ್ಮ ಮನೆ ಬೆಲೆ ಬಿದ್ದುಹೋಗುತ್ತದೆ’ ಎಂದು ನಮ್ಮವರೂ ಓದದೆಯೇ ಸಹಿ ಹಾಕುತ್ತಾರೆ. ಒಳಚರಂಡಿ, ರಸ್ತೆ, ಶಾಲೆ ಸಾಲುತ್ತದಾ ಎಂದು ಕೇಳುವುದು ನ್ಯಾಯವೇ. ಅದನ್ನು ಕೇಳಿ, ಉತ್ತರವನ್ನೂ ಪಡೆಯಿರಿ. ಆದರೆ ಬಾಡಿಗೆಯವರು ಬರುತ್ತಾರೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬೇಡಿ. ಈ ಊರಿಗೆ ಬಂದ ಹೊಸದರಲ್ಲಿ ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ಇದ್ದವರು. ಇನ್ನೊಂದು ಮಾತು. ಈ ರಾಜ್ಯದಲ್ಲಿ ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಆಸ್ತಿ ತೆರಿಗೆ ಲೆಕ್ಕ ಹಾಕಲು ಮನೆಗೆ ಕಟ್ಟುವ ಬೆಲೆಯನ್ನು ವರ್ಷಕ್ಕೆ ಶೇ 5ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ಆ ಮಿತಿ ಶೇ 10. ಅಂದರೆ ಕಾನೂನು ಮೊದಲೇ ನಮ್ಮ ಬೆನ್ನಿಗಿದೆ.

ಕಟ್ಟಡಗಳ ಅರ್ಜಿಗಳನ್ನು ಪರಿಶೀಲಿಸುವ ಊರಿನ ಯೋಜನಾ ಆಯೋಗದ ಸಭೆಗಳು ಸಾರ್ವಜನಿಕರಿಗೆ ತೆರೆದಿವೆ. ಅಲ್ಲಿ ಎದ್ದು ನಿಂತು ಮಾತಾಡಲು ಅಮೆರಿಕದ ಪೌರತ್ವ ಬೇಕಿಲ್ಲ. ವಿರೋಧಿಸಲು ಹೋಗುವವರು ಹೇಗೂ ಹೋಗುತ್ತಾರೆ. ಶಿಕ್ಷಕರು, ನರ್ಸ್‌ಗಳು, ಅಂಗಡಿ ನೌಕರರು ಇರಬಹುದಾದ ಮನೆಗಳ ಅರ್ಜಿ ಬಂದ ದಿನ, ‘ಇದು ನಮ್ಮ ಬೀದಿಗೆ ಬರಲಿ’ ಎಂದು ಹೇಳಲು ಕೆಲವು ಕನ್ನಡಿಗರಾದರೂ ನನ್ನ ಜೊತೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

— ನಿಮ್ಮ ಓದುಗ, ಬೆಂಟನ್‌ವಿಲ್, ಅರ್ಕಾನ್ಸಾಸ್