ಸೋರ್ಸ್ ಕೋಡ್ ಓದಲು ಮೊದಲು ಅದನ್ನು ಕಟ್ಟಬೇಕು

ಮಾನ್ಯ ಸಂಪಾದಕರೇ,

ಸ್ವತಂತ್ರ ತಂತ್ರಾಂಶದ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಪಠ್ಯ, ಎಲ್ಲರಿಗೂ ತೆರೆದಿರುತ್ತದೆ, ಬೇಕಾದವರು ಓದಿ ತಿದ್ದಿಕೊಳ್ಳಬಹುದು ಎಂಬ ಮಾತನ್ನು ಪತ್ರಿಕೆಗಳಲ್ಲೂ ತರಗತಿಗಳಲ್ಲೂ ಪದೇ ಪದೇ ಕೇಳುತ್ತೇವೆ. ಪುಕ್ಕಟೆ ಎನ್ನುವುದಕ್ಕೂ ಸ್ವತಂತ್ರ ಎನ್ನುವುದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳೇ ಇರುವುದರಿಂದ, ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದದಿಂದ ಹುಟ್ಟುವ ಗೊಂದಲ ನಮಗೆ ಆಗಬೇಕಾಗಿಲ್ಲ. ಆದರೂ ಹೆಚ್ಚಿನವರು ಇವು ಪುಕ್ಕಟೆ ಸಿಗುತ್ತವೆಂದು ಬಳಸಿ ಅಲ್ಲಿಗೇ ನಿಲ್ಲುತ್ತಾರೆ. ಪ್ರೋಗ್ರಾಮಿಂಗ್ ಕಲಿಯುವವರಾದರೂ ಒಂದು ದೊಡ್ಡ, ಹಳೆಯ, ಇಂದಿಗೂ ಬಳಕೆಯಲ್ಲಿರುವ ತಂತ್ರಾಂಶವನ್ನು ಸೋರ್ಸ್‌ನಿಂದ ತಾವೇ ಕಟ್ಟಿ (ಎಂದರೆ ಓಡಿಸಬಲ್ಲ ಪ್ರೋಗ್ರಾಮ್ ಆಗಿ ಮಾಡಿಕೊಂಡು), ಅದರೊಳಗೆ ದಾರಿ ಹುಡುಕಿಕೊಂಡು ಓಡಾಡುವುದನ್ನು ಪಾಠದ ಭಾಗವಾಗಿಯೇ ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಪಠ್ಯ ಬರೆದು ತಿದ್ದಲು ಬಳಸುವ ಟೆಕ್ಸ್ಟ್ ಎಡಿಟರ್‌ನಷ್ಟು ಒದಗಿಬರುವ ಸಾಮಗ್ರಿ ಮತ್ತೊಂದಿಲ್ಲ. ಎಡಿಟರ್ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಅದನ್ನು ಹೇಗೆ ಮಾಡುತ್ತದೆ ಎಂಬುದಷ್ಟೇ ತಿಳಿಯಬೇಕಾದದ್ದು.

ನಾನು ಹೇಳುತ್ತಿರುವುದು ಮುಖ್ಯವಾಗಿ ಗ್ನೂ ಈಮ್ಯಾಕ್ಸ್ ಬಗ್ಗೆ. ರಿಚರ್ಡ್ ಸ್ಟಾಲ್ಮನ್ 1984ರಲ್ಲಿ ಬರೆಯಲು ಆರಂಭಿಸಿ 1985ರಲ್ಲಿ ಸಾರ್ವಜನಿಕರಿಗೆ ಕೊಟ್ಟ ಈ ಎಡಿಟರ್ ಇಂದಿಗೂ ಬೆಳೆಯುತ್ತಿದೆ. ಅದರ ತಿರುಳು ಸಿ ಭಾಷೆಯಲ್ಲಿದೆ. ಅದರ ಮೇಲೆ ನಿಂತಿರುವ, ಗಾತ್ರದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಭಾಗ ಲಿಸ್ಪ್ ಭಾಷೆಯಲ್ಲಿದೆ.

ಹಲವು ವರ್ಷಗಳ ಹಿಂದೆ ಇದರ ಕೋಡ್ ಓದಲು ಮೊದಲ ಸಲ ಕುಳಿತಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು, ಏಕೆಂದರೆ ಇಂದಿನ ವಿದ್ಯಾರ್ಥಿಗಳೂ ಅದನ್ನೇ ಮಾಡುವುದನ್ನು ಕಾಣುತ್ತಿದ್ದೇನೆ. ಕೋಡನ್ನು ಇಳಿಸಿಕೊಂಡು, ಕಟ್ಟದೆ, ಬರೀ ಓದಲು ತೊಡಗಿದೆ. ಕ್ಯೂ ಅಕ್ಷರದಿಂದ ಶುರುವಾಗುವ ಹೆಸರುಗಳು ಸಿ ಫೈಲ್‌ಗಳ ತುಂಬ ಸಿಗುತ್ತಿದ್ದವು. ಅವುಗಳನ್ನು ಬಳಸಿದ ಜಾಗಗಳು ನೂರಾರು, ಆದರೆ ಹೆಸರನ್ನು ಬಳಸುವ ಮೊದಲು ಸಿ ಭಾಷೆ ಕೇಳುವ ಘೋಷಣೆ, ಅಂಥ ಘೋಷಣೆಗಳನ್ನಿಡುವ ಯಾವ ಹೆಡರ್ ಫೈಲ್‌ನಲ್ಲೂ ಇರಲಿಲ್ಲ. ಎರಡು ದಿನ ಹುಡುಕಿ ಕೈಚೆಲ್ಲಿದೆ. ಆ ಘೋಷಣೆಗಳಿರುವುದು ಗ್ಲೋಬಲ್ಸ್ ಎಂಬ ಹೆಡರ್ ಫೈಲ್‌ನಲ್ಲಿ, ಆ ಫೈಲ್ ಹುಟ್ಟುವುದೇ ಕಟ್ಟುವ ಹೊತ್ತಿನಲ್ಲಿ, ಒಂದು ಪುಟ್ಟ ಪ್ರೋಗ್ರಾಮ್ ಎಲ್ಲ ಸಿ ಫೈಲ್‌ಗಳನ್ನು ಜಾಲಾಡಿ ಅದನ್ನು ಬರೆಯುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕಟ್ಟದ ಕೋಡಿನಲ್ಲಿ ದಾರಿ ಅರ್ಧಕ್ಕೇ ನಿಂತುಹೋಗುತ್ತದೆ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕಟ್ಟುವುದು ಕಷ್ಟವೇನಲ್ಲ. ಈಮ್ಯಾಕ್ಸ್‌ನ ಕೋಡ್ ಭಂಡಾರದಿಂದ ಗಿಟ್ ಎಂಬ ಸಾಧನದ ಮೂಲಕ ತಂದವರು ಮೊದಲು ಆಟೋಜೆನ್ ಎಂಬ ಸ್ಕ್ರಿಪ್ಟ್ ಓಡಿಸಬೇಕು, ಆಮೇಲೆ ಯಂತ್ರದಲ್ಲಿ ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್, ಕೊನೆಗೆ ಕಟ್ಟುವ ಕೆಲಸ ಮಾಡುವ ಮೇಕ್. ಆದರೆ ಹೊಸಬರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಗ್ನೂಟಿಎಲ್‌ಎಸ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಸಿಗಲಿಲ್ಲವೆಂದು ಕಾನ್ಫಿಗರ್ ನಿಂತುಬಿಡುತ್ತದೆ. ನೋಡಿದರೆ ಆ ಲೈಬ್ರರಿ ಯಂತ್ರದಲ್ಲಿ ಇದ್ದೇ ಇರುತ್ತದೆ. ಓಡಿಸಲು ಬೇಕಾದ ಲೈಬ್ರರಿಯೇ ಬೇರೆ, ಅದನ್ನು ಸೇರಿಸಿಕೊಂಡು ಹೊಸದನ್ನು ಕಟ್ಟಲು ಬೇಕಾದ ಹೆಡರ್ ಫೈಲ್‌ಗಳ ಪ್ಯಾಕೇಜೇ ಬೇರೆ, ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಎರಡನೆಯದರ ಹೆಸರಿನ ಕೊನೆಗೆ ‘ಡೆವ್’ ಎಂಬ ಬಾಲವಿರುತ್ತದೆ ಎಂಬ ಒಂದೇ ಒಂದು ಸಂಗತಿಯನ್ನು ಯಾರೂ ಹೇಳಿಕೊಡದ ಕಾರಣ ಎಷ್ಟೋ ವಿದ್ಯಾರ್ಥಿಗಳು ಇದು ತಮ್ಮಿಂದಾಗದ ಕೆಲಸವೆಂದು ಎದ್ದುಹೋಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಕಾನ್ಫಿಗರ್ ಮುಗಿದಾಗ ಕೊನೆಯಲ್ಲಿ ಮೂಡುವ ಪಟ್ಟಿಯನ್ನು ಓದದೆ ಮುಂದೆ ಹೋಗಬಾರದು. ಅದರಲ್ಲಿ ಹಾರ್ಫ್‌ಬಜ್ ಬಳಕೆಯಾಗುತ್ತದೆಯೇ ಎಂಬ ಸಾಲೊಂದಿದೆ. ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ಲೈಬ್ರರಿ ಅದು. ಉತ್ತರ ‘ಇಲ್ಲ’ ಎಂದಿದ್ದರೆ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವ ಸಂಭವವಿದೆ. ಕಟ್ಟಿದ ಮೇಲೆ ಕಂಟ್ರೋಲ್ ಮತ್ತು ಎಚ್ ಒತ್ತಿ, ಮತ್ತೊಮ್ಮೆ ಎಚ್ ಒತ್ತಿದರೆ ಹಲವಾರು ಭಾಷೆಗಳ ನಮಸ್ಕಾರಗಳಿರುವ ಒಂದು ಫೈಲ್ ತೆರೆದುಕೊಳ್ಳುತ್ತದೆ. ಕನ್ನಡದ ‘ನಮಸ್ಕಾರ’ವೂ ಅಲ್ಲಿದೆ. ಅದರ ಸಕಾರದ ಕೆಳಗೆ ಕಕಾರದ ಒತ್ತು ಸರಿಯಾಗಿ ಕುಳಿತಿದೆಯೇ ಎಂದು ನೋಡಿದರೆ ಸಾಕು, ಬೇರೆ ಪರೀಕ್ಷೆ ಬೇಡ.

ಮೇಕ್ ಓಡುವಾಗ ಪರದೆಯ ಮೇಲೆ ಸರಿಯುವ ಸಾಲುಗಳೂ ಪಾಠವೇ. ಸಿ ಕೋಡ್ ಕಂಪೈಲ್ ಆದೊಡನೆ, ಎಂದರೆ ಯಂತ್ರಭಾಷೆಗೆ ತಿರುಗಿದೊಡನೆ, ಎಡಿಟರ್ ಸಿದ್ಧವಾಗುವುದಿಲ್ಲ. ಮೊದಲು ಟೆಮ್ಯಾಕ್ಸ್ ಎಂಬ ಬರಿಯ ಅಸ್ಥಿಪಂಜರ ಹುಟ್ಟುತ್ತದೆ. ಅದು ನಿತ್ಯ ಬೇಕಾಗುವ ಲಿಸ್ಪ್ ಫೈಲ್‌ಗಳನ್ನು ಓದಿಕೊಂಡು, ಆ ಹೊತ್ತಿನ ತನ್ನ ನೆನಪಿನ (ಮೆಮೊರಿಯ) ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತದೆ, ನಾವು ಪ್ರತಿಸಲ ತೆರೆದಾಗ ಎಡಿಟರ್ ಆ ಸ್ಥಿತಿಯಿಂದ ಎದ್ದು ಬರುತ್ತದೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಇದಕ್ಕೆ ಪ್ರತ್ಯೇಕ ಡಂಪ್ ಫೈಲ್ ಇದೆ. ಅದಕ್ಕೂ ಮೊದಲು ನೆನಪನ್ನೇ ಹೊಸ ಪ್ರೋಗ್ರಾಮ್ ಫೈಲ್ ಆಗಿ ಬರೆಯಲಾಗುತ್ತಿತ್ತು. ಹೀಗೆ ಕಟ್ಟಿದ್ದನ್ನು ಇನ್‌ಸ್ಟಾಲ್ ಮಾಡಬೇಕೆಂದೂ ಇಲ್ಲ, ಇದ್ದ ಜಾಗದಿಂದಲೇ ಓಡಿಸಬಹುದು. ಆದ್ದರಿಂದ ಪ್ರಯೋಗಾಲಯದ ಯಂತ್ರಗಳು ಕೆಡುತ್ತವೆಂಬ ಭಯಕ್ಕೆ ಆಧಾರವಿಲ್ಲ.

ಇನ್ನು ಓಡಾಟ. ಒಂದೇ ಒಂದು ಕೀಲಿಯನ್ನು ಹಿಡಿದು ಹೊರಡುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ. ಕರ್ಸರನ್ನು ಒಂದಕ್ಷರ ಮುಂದೆ ಸರಿಸುವ ಕಂಟ್ರೋಲ್-ಎಫ್ ಏನು ಮಾಡುತ್ತದೆಂದು ಎಡಿಟರನ್ನೇ ಕೇಳಬಹುದು: ಕಂಟ್ರೋಲ್-ಎಚ್, ಕೆ, ಆಮೇಲೆ ಆ ಕೀಲಿ. ಫಾರ್ವರ್ಡ್-ಚಾರ್ ಎಂಬ ಆಜ್ಞೆಯ ವಿವರಣೆ ಬರುತ್ತದೆ, ಅದರಲ್ಲೇ ಸಿ ಸೋರ್ಸ್‌ಗೆ ಕೊಂಡಿಯೂ ಇರುತ್ತದೆ. ಕೊಂಡಿ ಒತ್ತಿದರೆ ನಾವು ಸೀಮ್ಡ್ಸ್ ಎಂಬ ಸಿ ಫೈಲ್‌ನಲ್ಲಿ ಆ ಆಜ್ಞೆಯ ಮುಂದೆಯೇ ಇಳಿಯುತ್ತೇವೆ. ಲಿಸ್ಪ್‌ನಲ್ಲಿ ಅಡ್ಡಗೆರೆಯಿರುವ ಹೆಸರು ಸಿ ಭಾಷೆಯಲ್ಲಿ ದೊಡ್ಡ ಎಫ್ ಸೇರಿಸಿಕೊಂಡು ಅಡಿಗೆರೆಯ ಹೆಸರಾಗುತ್ತದೆ. ಲಿಸ್ಪ್ ಚರಗಳಿಗೆ ವಿ, ಚಿಹ್ನೆಗಳಿಗೆ ಕ್ಯೂ. ಇಷ್ಟು ತಿಳಿದಿದ್ದರೆ ಅರ್ಧ ಕತ್ತಲೆ ಕಳೆದಂತೆ. ಅಲ್ಲಿಂದ ಮೆಟಾ ಕೀಲಿಯೊಂದಿಗೆ (ಸಾಮಾನ್ಯವಾಗಿ ಆಲ್ಟ್) ಚುಕ್ಕಿ ಒತ್ತಿದರೆ ಅದು ಕರೆಯುವ ಒಳಗಿನ ಫಂಕ್ಷನ್‌ಗೆ ಹೋಗಬಹುದು. ಇದಕ್ಕಾಗಿ ಮೊದಲೇ ‘ಮೇಕ್ ಟ್ಯಾಗ್ಸ್’ ಎಂದು ಓಡಿಸಿ ಹೆಸರುಗಳ ಸೂಚಿ ಮಾಡಿಟ್ಟುಕೊಂಡಿರಬೇಕು.

ಆ ಒಳಗಿನ ಫಂಕ್ಷನ್ ಹತ್ತಿಪ್ಪತ್ತು ಸಾಲಿನದು. ಈಗಿನ ಸ್ಥಾನಕ್ಕೆ ಒಂದನ್ನು ಕೂಡಿಸುತ್ತದೆ. ಅದು ಪಠ್ಯದ ಅಂಚನ್ನು ದಾಟಿದರೆ ಕರ್ಸರನ್ನು ಅಂಚಿನಲ್ಲೇ ನಿಲ್ಲಿಸಿ ಸೂಚನೆ ಎಬ್ಬಿಸುತ್ತದೆ. ಪಠ್ಯ ಮುಗಿಯಿತೆಂದು ಕೆಳಗಿನ ಸಾಲಿನಲ್ಲಿ ನಾವು ನಿತ್ಯ ಕಾಣುವ ಸಂದೇಶ ಹುಟ್ಟುವುದು ಇಲ್ಲೇ. ತಾನು ಸಾವಿರ ಸಲ ನೋಡಿದ ಆ ಸಂದೇಶದ ಬುಡವನ್ನು ಮುಟ್ಟಿದ ವಿದ್ಯಾರ್ಥಿಯ ಮುಖವನ್ನು ಒಮ್ಮೆ ನೋಡಿದವರಿಗೆ ನನ್ನ ಆಗ್ರಹ ಅರ್ಥವಾಗುತ್ತದೆ. ಇದೇ ರೀತಿ ಕೆಳಗಿನ ಸಾಲಿಗೆ ಹೋಗುವ ಕೀಲಿಯನ್ನು ಹಿಂಬಾಲಿಸಿದರೆ ಸಿ ಕೋಡಿಗಲ್ಲ, ಸಿಂಪಲ್ ಎಂಬ ಲಿಸ್ಪ್ ಫೈಲ್‌ಗೆ ಹೋಗುತ್ತೇವೆ. ಪರದೆಯ ಮೇಲೆ ಮಡಚಿದ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದರಿಂದ ಅದು ಒಂದನ್ನು ಕೂಡಿಸುವಷ್ಟು ಸರಳವಲ್ಲ.

ಇನ್ನೂ ಆಳಕ್ಕಿಳಿಯುವವರಿಗೆ ಪಠ್ಯವನ್ನು ನೆನಪಿನಲ್ಲಿಡುವ ಬಗೆ ಕಾದಿದೆ. ಬರೆಯುವ ಜಾಗದಲ್ಲಿ ಒಂದು ಖಾಲಿ ತೆರಪನ್ನು ಬಿಟ್ಟುಕೊಂಡು, ಅಕ್ಷರ ಸೇರಿದಂತೆ ಅದನ್ನು ತುಂಬುತ್ತ, ಬೇರೆಡೆ ಬರೆಯತೊಡಗಿದಾಗ ತೆರಪನ್ನೇ ಅಲ್ಲಿಗೆ ಸರಿಸುವ ಈ ಉಪಾಯವನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳುವುದಕ್ಕಿಂತ, ಪ್ರೋಗ್ರಾಮಿನ ಒಳಗನ್ನು ತೋರಿಸುವ ಡೀಬಗ್ಗರ್ ಹಿಡಿದು ಓಡುತ್ತಿರುವ ಎಡಿಟರಿನಲ್ಲಿ ತೆರಪು ಸರಿಯುವುದನ್ನು ತೋರಿಸುವುದು ಮೇಲು. ಹಾಗೆ ನೋಡಬೇಕಿದ್ದರೆ ಕೋಡನ್ನು ಚುರುಕುಗೊಳಿಸಲು ಕಂಪೈಲರ್ ಮಾಡುವ ಆಪ್ಟಿಮೈಸೇಶನ್ ತೆಗೆದು ಮತ್ತೆ ಕಟ್ಟಬೇಕು. ಹೇಗೆಂದು ‘ಡೀಬಗ್’ ಎಂಬ ಹೆಸರಿನ ಫೈಲ್ ಸೋರ್ಸ್‌ನೊಳಗೇ ಇದೆ. ಪರದೆಗೆ ಅಕ್ಷರ ಮೂಡಿಸುವ ಎಕ್ಸ್‌ಡಿಸ್ಪ್ ಫೈಲ್ 30,000ಕ್ಕೂ ಹೆಚ್ಚು ಸಾಲುಗಳದು, ಅದರ ಬಳಿ ಹೊಸಬರನ್ನು ಕಳಿಸಬಾರದು. ಆದರೆ ಅದರ ತಲೆಯ ಮೇಲಿರುವ ದೀರ್ಘ ಟಿಪ್ಪಣಿಯನ್ನು ಎಲ್ಲರೂ ಓದಬೇಕು. ಕಷ್ಟದ ಕೋಡಿಗೆ ಟಿಪ್ಪಣಿ ಬರೆಯುವುದು ಹೇಗೆಂದು ಅಲ್ಲಿ ಕಲಿಯಬಹುದು.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಸೊನ್ನೆಯಿಂದ ಬರೆದು ವಾರದೊಳಗೆ ಮರೆಯುವ ಪುಟ್ಟ ಪ್ರೋಗ್ರಾಮ್‌ಗಳ ಪೈಕಿ ನಾಲ್ಕನ್ನು ಕೈಬಿಟ್ಟು, ಆ ಅವಧಿಯನ್ನು ಇದಕ್ಕೆ ಕೊಡಲಿ. ಮೊದಲ ದಿನ ಕಟ್ಟುವುದು, ಎರಡನೆಯ ದಿನ ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಕೀಲಿಯನ್ನು ಅದರ ಬುಡದವರೆಗೆ ಹಿಂಬಾಲಿಸುವುದು, ಮೂರನೆಯ ದಿನ ಅಲ್ಲಿ ಒಂದು ಸಾಲನ್ನು ಬದಲಿಸಿ ಮತ್ತೆ ಕಟ್ಟುವುದು. ನಾಲ್ಕನೆಯ ದಿನ ಆ ಸಾಲುಗಳನ್ನು ಆಯ್ದು ಕಂಟ್ರೋಲ್-ಎಕ್ಸ್, ವಿ, ಎಚ್ ಒತ್ತಿ ಅವುಗಳ ಇತಿಹಾಸವನ್ನು ಓದುವುದು: ಯಾರು, ಯಾವಾಗ, ಯಾವ ದೋಷಕ್ಕಾಗಿ ತಿದ್ದಿದರು ಎಂಬುದೆಲ್ಲ ಅಲ್ಲಿ ದಾಖಲಾಗಿದೆ.

ಇಂತಿ,
ಪ್ರೋಗ್ರಾಮಿಂಗ್ ಕಲಿಸುವ ಒಬ್ಬ ಓದುಗ